ಲೀಕ್ ಅಂದರೆ ಯಾವ ಲೀಕು

ನಮ್ಮ ಬಚ್ಚಲುಮನೆಯ ಚಾವಣಿಯಿಂದ ನೀರು ತೊಟ್ಟಿಕ್ಕಲು ಶುರುವಾದದ್ದು ಮಳೆಗಾಲದಲ್ಲಲ್ಲ. ಸಂಕ್ರಾಂತಿ ಆಗಿಹೋಗಿತ್ತು, ಧಾರವಾಡದಿಂದ ಬಂದ ಕುಸುರೆಳ್ಳಿನ ಡಬ್ಬಿ ಇನ್ನೂ ಅರ್ಧ ಉಳಿದಿತ್ತು, ಗೋವೆಯ ನಮ್ಮ ಫಾತೋರ್ಡಾದ ಆಕಾಶದಲ್ಲಿ ಹೆಸರಿಗೂ ಒಂದು ಮೋಡವಿರಲಿಲ್ಲ. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಸ್ನಾನಕ್ಕೆ ಹೋದ ನನ್ನ ಹೆಗಲ ಮೇಲೆ ತಣ್ಣಗಿನ ಒಂದು ಹನಿ ಬಿತ್ತು. ತಲೆ ಎತ್ತಿ ನೋಡಿದರೆ ಬಿಳಿ ಬಣ್ಣದ ನಡುವೆ ಚಹಾ ಚೆಲ್ಲಿದಂಥ ಒಂದು ಕಲೆ. ಅದರ ಮಧ್ಯದಲ್ಲಿ ಇನ್ನೊಂದು ಹನಿ ಬೀಳಲೋ ಬೇಡವೋ ಎಂದು ನಿಂತಿತ್ತು.

"ಮ್ಯಾಲಿನವ್ರ ಬಾತ್‌ರೂಮ್ ಲೀಕ್ ಆಗಾಕತ್ತೈತಿ," ಎಂದರು ನಮ್ಮ ಮನೆಯವರು, ಬಾಗಿಲ ಹೊರಗೆ ಟೈ ಕಟ್ಟಿಕೊಳ್ಳುತ್ತ. ಅವರು ಮಡಗಾಂವದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಯಾವ ತೊಂದರೆಯಾದರೂ ಅದಕ್ಕೊಂದು ಹೆಸರಿಟ್ಟ ಮೇಲೆ ಅವರಿಗೆ ಅರ್ಧ ಸಮಾಧಾನ. "ಸಂಜಿಗೆ ಸೊಸೈಟಿ ಸೆಕ್ರೆಟರಿಗೆ ಹೇಳ್ತೇನಿ. ನೀ ಬಕೀಟ್ ಇಡು."

ಬಕೀಟು ಇಟ್ಟೆ. ಅವತ್ತಿನಿಂದ ಆ ಪದ ನಮ್ಮ ಮನೆಯಲ್ಲಿ ದಿನವೂ ಓಡಾಡತೊಡಗಿತು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಒಂದೊಂದು ನೀರಿಗೆ ಒಂದೊಂದು ಮಾತಿತ್ತು. ಮನೆ ಸೋರುತ್ತಿತ್ತು, ಗೋಡೆ ಜಿನುಗುತ್ತಿತ್ತು, ನಲ್ಲಿ ತೊಟ್ಟಿಕ್ಕುತ್ತಿತ್ತು, ಗಾಯ ಒಸರುತ್ತಿತ್ತು. ಇಲ್ಲಿ ಎಲ್ಲವೂ ಲೀಕು. ಅದೇ ತಿಂಗಳು ಸಿಲಿಂಡರಿನ ವಾಸನೆ ಬಂದು ಗ್ಯಾಸಿನವನನ್ನು ಕರೆಸಿದರೆ ಅವನು ರೆಗ್ಯುಲೇಟರ್ ಲೀಕ್ ಎಂದ. ಹನ್ನೆರಡನೇ ತರಗತಿಯ ಪರೀಕ್ಷೆಗೆ ಓದುತ್ತಿದ್ದ ಮಗಳು ಎಲ್ಲೋ ಏನೋ ಪೇಪರ್ ಲೀಕ್ ಆಯಿತಂತೆ ಎಂದು ಮೊಬೈಲ್ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಸೊಸೈಟಿಯ ಮೀಟಿಂಗಿನಲ್ಲಿ ಆಡಿದ ಮಾತು ಹೊರಗೆ ಹೋಯಿತು ಎಂದು ಸೆಕ್ರೆಟರಿ ವಾಟ್ಸಾಪಿನಲ್ಲಿ ಬರೆದದ್ದೂ ಅದೇ ಪದದಲ್ಲಿ.

ನನಗೆ ಮಾತ್ರ ಆ ಪದ ಕೇಳಿದಾಗಲೆಲ್ಲ ಅಲ್ಲಿಂದ ಎದ್ದು ಹೋಗಬೇಕೆನ್ನಿಸುತ್ತಿತ್ತು. ಕಾರಣ ಹೇಳಬೇಕು.

ಮಗಳು ಹುಟ್ಟುವಾಗ ಹೆರಿಗೆ ಕಷ್ಟದ್ದಾಗಿತ್ತು. ಅದಾದ ಮೇಲೆ ಸೀನಿದರೆ, ಜೋರಾಗಿ ಕೆಮ್ಮಿದರೆ, ತಡೆಯಲಾರದೆ ನಕ್ಕರೆ, ನನ್ನ ಹಿಡಿತ ತಪ್ಪಿ ಸ್ವಲ್ಪ ಮೂತ್ರ ಹೋಗುತ್ತಿತ್ತು. ಮೊದಮೊದಲು ಬಾಣಂತನದ ನಿಶ್ಶಕ್ತಿ ಎಂದುಕೊಂಡೆ. ಆಮೇಲೆ ಅದೇ ರೂಢಿಯಾಯಿತು. ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ತಿಳಿಬಣ್ಣದ ಸೀರೆ ಉಡುವುದನ್ನು ಬಿಟ್ಟೆ. ಕ್ಲಾಸಿಗೆ ಮೊದಲು ನೀರು ಕುಡಿಯುವುದನ್ನು ಬಿಟ್ಟೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ತಮಾಷೆ ಶುರುಮಾಡಿದರೆ ನೋಟ್‌ಬುಕ್ಕಿನ ಗಂಟು ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ. ಈ ಟೀಚರಿಗೆ ನಗೋದೇ ಗೊತ್ತಿಲ್ಲ ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿದ್ದೇನೆ. ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುವುದೆಂದರೆ ಹೆದರಿಕೆ. ಅನಮೋಡ ಘಾಟಿನ ತಿರುವುಗಳಲ್ಲಿ ಬಸ್ಸು ಕುಲುಕುವುದನ್ನು ನೆನೆದರೇ ಸಾಕು, ತಲೆನೋವು ಎಂದು ಹೇಳಿ ಉಳಿದುಬಿಡುತ್ತಿದ್ದೆ. ನಾದಿನಿಯ ಮಗನ ಮುಂಜಿವೆಗೂ ಹೋಗಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ತಾಯಿಗೂ ಇಲ್ಲ, ಮನೆಯವರಿಗೂ ಇಲ್ಲ. ಹೇಳಬೇಕೆಂದು ಎರಡು ಮೂರು ಸಲ ಬಾಯಿ ತೆರೆದದ್ದುಂಟು. ಆದರೆ ಅದಕ್ಕೆ ನನ್ನ ಹತ್ತಿರ ಪದವೇ ಇರಲಿಲ್ಲ. ಇದ್ದ ಪದಗಳೆಲ್ಲ ತೊಟ್ಟಿಲ ಮಕ್ಕಳಿಗೆ ಆಡುವಂಥವು. ನಲವತ್ತು ದಾಟಿದ ಹೆಂಗಸು ತನ್ನ ಬಗ್ಗೆ ಆ ಮಾತು ಹೇಗೆ ಆಡುವುದು?

ಚಾವಣಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಮೇಲಿನ ಫ್ಲ್ಯಾಟಿನವರು ಬೆಳಗಾವಿಯ ಕಡೆಯವರು. ಮಡಗಾಂವದ ಮಾರುಕಟ್ಟೆಯಲ್ಲಿ ಅವರದು ಬಟ್ಟೆ ಅಂಗಡಿ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಅಂಗಡಿಗೆ ಹೋದರೆ ಮನೆಯಲ್ಲಿ ಉಳಿಯುವವರು ಗಂಡನ ತಾಯಿ ಒಬ್ಬರೇ. ಎಪ್ಪತ್ತರ ಆಚೆ ಈಚೆ ವಯಸ್ಸು. ಇಡೀ ಬಿಲ್ಡಿಂಗು ಅವರನ್ನು ಆಯಿ ಎಂದೇ ಕರೆಯುತ್ತದೆ. ನನ್ನನ್ನು ಅವರು ಅಕ್ಕೋರ ಎನ್ನುತ್ತಾರೆ, ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ. ಮೊದಲೆಲ್ಲ ಆಯಿ ಸಂಜೆಯಾದರೆ ಕೆಳಗಿಳಿದು ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ಸೋಮವಾರದ ಭಜನೆಗೆ ಮುಂದಾಳು ಅವರೇ. ಆದರೆ ದೀಪಾವಳಿಯಿಂದ ಈಚೆಗೆ ಕೆಳಗೆ ಬರುವುದು ನಿಂತಿತ್ತು. ಭಜನೆಗೂ ಇಲ್ಲ. ಬೆಳಗಾವಿಯಲ್ಲಿ ತಮ್ಮನ ಮೊಮ್ಮಗಳ ಮದುವೆಗೂ ಹೋಗಲಿಲ್ಲವಂತೆ, ತವರಿನವರ ಮೇಲೆ ಏನೋ ಮುನಿಸು ಇರಬೇಕು ಎಂದು ಬಿಲ್ಡಿಂಗಿನಲ್ಲಿ ಮಾತಾಗಿತ್ತು.

ಆ ಭಾನುವಾರ ನಾವಿಬ್ಬರೂ ಮೇಲೆ ಹೋದೆವು. ಬಾಗಿಲು ತೆರೆದ ಸೊಸೆ ನಮ್ಮ ಮಾತು ಕೇಳಿ ಮುಖ ಗಂಟಿಕ್ಕಿಕೊಂಡಳು.

"ನಮ್ಮ ಮನ್ಯಾಗ ಎಲ್ಲಾ ನಳಾ ಬಂದ್ ಇರ್ತಾವ್ರಿ. ಮಗಳು ಹಾಸ್ಟೆಲ್‌ನ್ಯಾಗ, ಇರೂದ ಮೂರು ಮಂದಿ. ನಿಮ್ಮ ಪೈಪಿನಾಗ ಏನರ ಇರಬೇಕು ನೋಡ್ರಿ."

"ಪ್ಲಂಬರ್‌ನ ಕರಸೂಣ್ರಿ, ಅವನ ಹೇಳ್ತಾನ," ಎಂದರು ನಮ್ಮವರು.

ಪ್ಲಂಬರ್ ಬಂದ. ಕಾಣಕೋಣದ ಕಡೆಯ ಮನುಷ್ಯ, ಮಾತು ಕಡಿಮೆ. ನಮ್ಮ ಬಚ್ಚಲಿನ ನೇರ ಮೇಲೆ ಇದ್ದದ್ದು ಆಯಿಯ ಕೋಣೆಗೆ ಹೊಂದಿಕೊಂಡ ಬಚ್ಚಲು. ಪೈಪುಗಳನ್ನೆಲ್ಲ ತಟ್ಟಿ ನೋಡಿದ, ಪೈಪು ಸರಿ ಇದೆ ಎಂದ. ಆಮೇಲೆ ನೆಲದ ಮೇಲೆ ಬಕೀಟಿನಿಂದ ನೀರು ಸುರಿದು, ಕೆಳಗೆ ನಮ್ಮ ಮನೆಗೆ ಬಂದು ನಿಂತು ನೋಡಿದ. ಒಂದು ಬಕೀಟಿಗೆ ಏನೂ ಆಗಲಿಲ್ಲ. ಮತ್ತೆ ಮತ್ತೆ ಸುರಿಸಿದ ಮೇಲೆ ಕಲೆ ಒದ್ದೆಯಾಗಿ ಹನಿ ಇಳಿಯಿತು.

"ಟೈಲ್ಸಾಂ ಮದೇಂ ಲೀಕ್ ಆಸಾ ಬಾಯ್," ಎಂದು ಮತ್ತೆ ಮೇಲೆ ಹೋಗಿ ಎಲ್ಲರೆದುರು ಕೊಂಕಣಿಯಲ್ಲಿ ನನಗೆ ಹೇಳಿದ. ಟೈಲ್ಸಿನ ಸಂದಿಯಲ್ಲಿ ಬಿರುಕು ಬಿಟ್ಟಿದೆ, ಬರೀ ಸ್ನಾನದ ನೀರಿಗೆ ಅದು ಕೆಳಗೆ ಬರುವುದಿಲ್ಲ, ಯಾರೋ ಕೂತು ಬಹಳ ನೀರು ಸುರಿಯುತ್ತಿದ್ದಾರೆ ಎಂದು ವಿವರಿಸಿದ.

ಸೊಸೆ ಅತ್ತೆಯ ಕಡೆ ನೋಡಿದಳು. ಆಯಿ ಸೆರಗು ಸರಿಪಡಿಸಿಕೊಂಡು, "ನಾ ಸ್ನಾನಾ ಅಷ್ಟ ಮಾಡ್ತೇನಿ," ಎಂದಷ್ಟೇ ಹೇಳಿ ಒಳಗೆ ಹೋದರು. ಸೊಸೆಯ ತುಟಿ ಬಿಗಿಯಾಯಿತು. ಅಲ್ಲಿ ನಮಗೆ ಗೊತ್ತಿಲ್ಲದ ಏನೋ ಒಂದು ಜಗಳ ಮೊದಲೇ ಇದೆ ಅನ್ನಿಸಿತು.

ಫೆಬ್ರವರಿಯ ಒಂದು ದಿನ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಮಗಳು ಗೆಳತಿಯ ಮನೆಗೆ ಓದಲು ಹೋಗಿದ್ದಳು. ಬೀಗ ತೆಗೆದು ಒಳಗೆ ಬಂದರೆ ಬಚ್ಚಲಿನಿಂದ ಸದ್ದು. ಚಾವಣಿಯಿಂದ ನೀರು ಹನಿಯಾಗಿ ಅಲ್ಲ, ದಾರದ ಹಾಗೆ ಇಳಿಯುತ್ತಿತ್ತು. ಸಿಟ್ಟು ಬಂತು. ಚಪ್ಪಲಿ ಸಹ ಬಿಚ್ಚದೆ ಮೇಲೆ ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆಯಲು ಆಯಿ ತಡ ಮಾಡಿದರು. ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿದ್ದರು, ಅಂಚು ಪೂರ್ತಿ ತೊಯ್ದಿತ್ತು, ಏದುಸಿರು ಬಿಡುತ್ತಿದ್ದರು. ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಹಾಸಿಗೆ ಇರಲಿಲ್ಲ. ಬಚ್ಚಲಿನ ಬಾಗಿಲು ತೆರೆದೇ ಇತ್ತು. ಒಳಗೆ ನೆಲದ ಮೇಲೆ ಒಂದು ದೊಡ್ಡ ಕೌದಿ ನೀರು ಕುಡಿದು ಬಿದ್ದಿತ್ತು, ಪಕ್ಕದಲ್ಲಿ ಸಾಬೂನು, ಬ್ರಷ್ಷು, ಫಿನಾಯಿಲ್ ಬಾಟಲಿ. ಅಷ್ಟು ಭಾರದ ಕೌದಿಯನ್ನು ಆ ವಯಸ್ಸಿನವರು ಒಬ್ಬರೇ ತಿಕ್ಕುತ್ತಿದ್ದರು. ಅಡುಗೆಮನೆಯ ಪಕ್ಕದಲ್ಲಿ ಬಟ್ಟೆ ಒಗೆಯುವ ಮಷಿನ್ ಹೊದಿಕೆ ಹೊದ್ದುಕೊಂಡು ನಿಂತಿತ್ತು.

"ಆಯಿ, ಏನ್ರಿ ಇದು? ಮಷಿನ್ ಐತೆಲ್ಲ," ಎಂದೆ. ಮಾತು ಬಾಯಿಂದ ಹೊರಟ ಮೇಲೆ ಫಿನಾಯಿಲಿನ ಅಡಿಯಲ್ಲಿದ್ದ ಇನ್ನೊಂದು ವಾಸನೆ ಮೂಗಿಗೆ ತಿಳಿಯಿತು. ನನಗೆ ಬಹಳ ಪರಿಚಯದ ವಾಸನೆ. ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಆಯಿ ನನ್ನ ಮುಖ ನೋಡಿದರು. ನನಗೆ ಗೊತ್ತಾಯಿತೆಂದು ಅವರಿಗೆ ಗೊತ್ತಾಯಿತು. ಅಲ್ಲೇ ಕುರ್ಚಿ ಹಿಡಿದು ಕೂತರು.

"ಸೊಸಿಗೆ ಹೇಳಬ್ಯಾಡ್ರಿ ಅಕ್ಕೋರ. ನಿಮ್ಮ ಕೈ ಮುಗೀತೇನಿ."

"ಇಲ್ರಿ, ಹೇಳೂದಿಲ್ಲ. ಎಷ್ಟು ದಿನದಿಂದ ಹಿಂಗ?"

"ದೀಪಾವಳಿ ಮುಂದ ಶುರು ಆತು. ಬಂತು ಅನಸೂದ ತಡ, ಬಚ್ಚಲಕ್ಕ ಮುಟ್ಟೂದ್ರಾಗ ಆಗಿ ಹೋಗಿರ್ತೈತಿ. ನಿದ್ದ್ಯಾಗ ಅಂತೂ ಗೊತ್ತ ಆಗೂದಿಲ್ಲ. ಅವರು ಅಂಗಡಿಗೆ ಹೋಗೂ ತನಕ ಹಾಸಿಗಿ ಮ್ಯಾಲ ಚಾದರ ಮುಚ್ಚಿ ಇಡ್ತೇನಿ. ಹೋದ ಮ್ಯಾಲ ತೊಳದು, ಹಿಂದಿನ ಬಾಲ್ಕನ್ಯಾಗ ಒಣಗಿಸಿ, ಅವರು ಬರೂದ್ರಾಗ ಹಾಸತೇನಿ." ತೊಯ್ದ ಸೀರೆಯ ಅಂಚು ಹಿಂಡಿಕೊಳ್ಳುತ್ತ ಹೇಳಿದರು, "ಭಜನಿಗೆ ಹ್ಯಾಂಗ ಹೋಗ್ಲಿ? ದೇವರ ಮುಂದ ಕೂತಾಗ ಆದರ? ತಮ್ಮನ ಮನಿ ಮದವಿ, ನನ್ನ ಕೈಲೆ ಅಕ್ಕಿಕಾಳು ಹಾಕೂದಿತ್ತು. ಹೋಗಲಿಲ್ಲ. ಅವ ಇನ್ನೂ ಫೋನ್ ಮಾಡಿಲ್ಲ."

ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಳಲಿಲ್ಲ, ಆದರೆ ಕೈ ತೆಗೆಯಲೂ ಇಲ್ಲ.

ನಾನು ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಹದಿನೇಳು ವರ್ಷ ಬಾಯಿಗೆ ಬಾರದ ಮಾತು ತಾನಾಗಿ ಬಂತು. "ಆಯಿ, ನನಗೂ ಲೀಕ್ ಆಗತೈತ್ರಿ."

ಅವರು ಸೆರಗು ಇಳಿಸಿದರು. "ಏನು?"

"ನನಗೂ ಹಿಂಗ ಆಗತೈತಿ. ಮಗಳು ಹುಟ್ಟಿದಾಗಿಂದ. ಕೆಮ್ಮಿದರ, ಸೀನಿದರ, ನಕ್ಕರ."

"ನಿಮಗ? ಇಷ್ಟು ಚಂದ ಸೀರಿ ಉಟಗೊಂಡು ಸಾಲಿಗೆ ಹೋಗ್ತೀರಿ, ನಿಮಗ?"

"ಸೀರಿಗೇನು ಗೊತ್ತಾಗತೈತ್ರಿ," ಎಂದೆ.

ಆಯಿ ಒಂದು ಕ್ಷಣ ನನ್ನನ್ನೇ ದಿಟ್ಟಿಸಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಗು. ಅವರನ್ನು ನೋಡಿ ನನಗೂ ನಗು ಬಂತು. ನಾನು ಕಾಲು ಜೋಡಿಸಿ ನಿಂತು, "ನಗಸಬ್ಯಾಡ್ರಿ ಆಯಿ, ನಗಸಬ್ಯಾಡ್ರಿ," ಎಂದೆ. ಅದಕ್ಕೆ ಅವರು ಇನ್ನೂ ನಕ್ಕು, "ನನಗೂ ಆತು," ಎನ್ನುತ್ತ ಕುರ್ಚಿಯಿಂದ ಎದ್ದರು. ಹಾಗೆ ಹೊಟ್ಟೆ ತುಂಬ ನಕ್ಕು ನನಗೆ ಎಷ್ಟು ಕಾಲವಾಗಿತ್ತೋ. ಆದದ್ದು ಆಯಿತು. ಕೌದಿಯ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು ಹಿಡಿದೆ, ಹಿಂಡಿ ಬಾಲ್ಕನಿಯಲ್ಲಿ ಹಾಕಿದೆವು.

ಡಾಕ್ಟರ್ ಹತ್ತಿರ ಹೋಗೋಣ ಎಂದದ್ದು ನಾನು. ಆಯಿ ಸುಲಭಕ್ಕೆ ಒಪ್ಪಲಿಲ್ಲ. "ವಯಸ್ಸಾತು, ಇದಕ್ಕ ಔಷಧ ಇರ್ತೈತೇನು?" ಎಂದರು. ನಾನು ಕೂಡ ಅಷ್ಟೇ ನಂಬಿದ್ದೆ, ಹೆತ್ತ ಹೆಂಗಸಿನ ಹಣೆಬರಹ ಎಂದುಕೊಂಡಿದ್ದೆ. ಆದರೆ ಒಬ್ಬಳೇ ಹೋಗಲು ಇಲ್ಲದ ಧೈರ್ಯ ಅವರನ್ನು ಕರೆದುಕೊಂಡು ಹೋಗುವ ನೆಪದಲ್ಲಿ ಬಂತು. ಕಣ್ಣು ತೋರಿಸಲು ಹೋಗುತ್ತೇವೆ ಎಂದು ಅವರ ಮನೆಯಲ್ಲಿ ಹೇಳಿ ಒಂದು ಶನಿವಾರ ರಿಕ್ಷಾದಲ್ಲಿ ಮಡಗಾಂವಕ್ಕೆ ಹೊರಟೆವು. ಆಯಿ ಮಡಿಲಲ್ಲಿ ಇನ್ನೊಂದು ಸೀರೆಯ ಚೀಲ ಹಿಡಿದಿದ್ದರು. ನನ್ನ ಬ್ಯಾಗಿನಲ್ಲೂ ಒಂದು ಜತೆ ಬಟ್ಟೆ ಇತ್ತು.

ಡಾಕ್ಟರ್ ಮಧ್ಯವಯಸ್ಸಿನ ಹೆಂಗಸು, ಇಲ್ಲಿಯವರೇ. ಆಯಿಗೆ ಕೊಂಕಣಿ ಅರ್ಧಂಬರ್ಧ ಎಂದು ತಿಳಿದು ಹಿಂದಿಯಲ್ಲಿ ಮಾತಾಡಿಸಿದರು. ವಯಸ್ಸು, ಹೆರಿಗೆ ಎಲ್ಲ ಕೇಳಿ, ಕೊನೆಗೆ ಮೆಲ್ಲಗೆ, "ಲೀಕ್ ಹೋತಾ ಹೈ ಕ್ಯಾ, ಆಯಿ?" ಎಂದರು.

ಆಯಿ ಹೌದೆಂದು ತಲೆಯಾಡಿಸಿದರು. ನಾನು ಸಮಾಧಾನದಿಂದ ಉಸಿರು ಬಿಡುವಷ್ಟರಲ್ಲಿ ತಮ್ಮ ಬೆಳಗಾವಿ ಹಿಂದಿಯಲ್ಲಿ ಶುರುಮಾಡಿದರು. ಹೌದು ಡಾಕ್ಟರ್ ಬಾಯಿ, ಭಾಳ ಲೀಕ್ ಆಗುತ್ತದೆ. ಕೆಳಗಿನ ಮನೆಯ ತನಕ ಹೋಗಿದೆ. ಇವರ ತಲೆಯ ಮೇಲೇ ಬೀಳುತ್ತದೆ. ಸೆಕ್ರೆಟರಿ ಟೈಲ್ಸ್ ಒಡೆಸಬೇಕು ಅಂತಾನೆ.

ಡಾಕ್ಟರ್ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು, ಆಮೇಲೆ ನನ್ನ ತಲೆಯ ಕಡೆ ನೋಡಿದರು. ನಾನು ಅದು ಬಚ್ಚಲಿನ ಲೀಕು ಎಂದು ಬಿಡಿಸಿ ಹೇಳುವುದರೊಳಗೆ ನಗು ತಡೆದು ತಡೆದು ನನ್ನ ಕಣ್ಣಲ್ಲಿ ನೀರು ಬಂದಿತ್ತು. ಡಾಕ್ಟರೂ ಬಾಯಿಗೆ ಕೈ ಅಡ್ಡ ಹಿಡಿದರು. ಆಯಿ ಮಾತ್ರ ಗಂಭೀರವಾಗಿ, "ಮತ್ತ ಯಾವ ಲೀಕು ಕೇಳಿದ್ರಿ?" ಎಂದು ನನ್ನನ್ನು ಕನ್ನಡದಲ್ಲಿ ಕೇಳಿದರು. ನಾನು ಹೇಳಿದೆ. "ಅಯ್ಯ, ಅದಕ್ಕೂ ಅದ ಮಾತೇನು," ಎಂದು ಅವರು ಮೂಗಿನ ಮೇಲೆ ಬೆರಳಿಟ್ಟರು. "ಚಲೋ ಆತು ಬಿಡ್ರಿ. ನಾಕು ಮಂದ್ಯಾಗ ಅಂದರೂ ಯಾರಿಗೂ ತಿಳಿಯೂದಿಲ್ಲ."

ಅವರು ಅಂದದ್ದು ನಿಜವಾಗಿತ್ತು. ನಮ್ಮ ಭಾಷೆಯಲ್ಲಿ ಹೇಳಲು ನಾಚಿಕೆಯಾಗುತ್ತಿದ್ದುದನ್ನು ನಲ್ಲಿಗೂ ಸಿಲಿಂಡರಿಗೂ ಬಳಸುವ ಆ ಪದದಲ್ಲಿ ಸರಾಗವಾಗಿ ಹೇಳಬಹುದಿತ್ತು. ಅಂದು ಆಯಿಯ ಕೋಣೆಯಲ್ಲಿ ನನ್ನ ಬಾಯಿಂದ ಮಾತು ಹೊರಟದ್ದೂ ಅದಕ್ಕೇ ಇರಬೇಕು.

ಡಾಕ್ಟರ್ ಇಬ್ಬರನ್ನೂ ಪರೀಕ್ಷೆ ಮಾಡಿದರು. ಎರಡು ಬೇರೆ ಬೇರೆ ತೊಂದರೆ ಎಂದರು. ನನ್ನದು ಹೆರಿಗೆಯಲ್ಲಿ ಕೆಳಗಿನ ಸ್ನಾಯುಗಳು ಸಡಿಲವಾದದ್ದು. ಅವುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ ದಿನವೂ ಮಾಡಬೇಕು, ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಆಯಿಯದು ಮೂತ್ರಚೀಲ ತಡೆಯಲಾರದೆ ಅವಸರ ಮಾಡುವುದು, ಜತೆಗೆ ಸೋಂಕೂ ಆಗಿತ್ತು. ಒದ್ದೆಯಾದೀತೆಂದು ಅವರು ನೀರು ಕುಡಿಯುವುದನ್ನೇ ಬಿಟ್ಟದ್ದರಿಂದ ಅದು ಇನ್ನೂ ಹೆಚ್ಚಾಗಿತ್ತು. ಸೋಂಕಿಗೆ ಗುಳಿಗೆ ಬರೆದುಕೊಟ್ಟರು, ನೀರು ಕುಡಿಯಿರಿ, ಚಹಾ ಕಡಿಮೆ ಮಾಡಿ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಬಚ್ಚಲಿಗೆ ಹೋಗಿ ಎಂದರು.

"ಮೊದಲೇ ಯಾಕೆ ಬರಲಿಲ್ಲ?" ಎಂದು ಅವರು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ನಾನು ಗುಳಿಗೆಯ ಚೀಟಿ ಮಡಿಸಿ ಬ್ಯಾಗಿಗೆ ಹಾಕಿದೆ. ಅವರೇ, "ಯಾರೂ ಬರೋದಿಲ್ಲ," ಎಂದರು. ಬೈಗುಳದ ದನಿಯಲ್ಲಿ ಅಲ್ಲ.

ಈ ನಡುವೆ ಸೊಸೈಟಿಯಲ್ಲಿ ಮಾತು ಬಿರುಸಾಗಿತ್ತು. ನಮ್ಮ ಮನೆಯವರು ಮೇಲಿನವರಿಗೆ ನೋಟಿಸು ಕೊಡಿಸುವ ತನಕ ಹೋಗಿದ್ದರು. ಒಂದು ಸಂಜೆ ಊಟಕ್ಕೆ ಕೂತಾಗ ನಾನು ಅದು ಬೇಡ ಎಂದೆ.

"ಯಾಕ ಬ್ಯಾಡ? ಸ್ಲ್ಯಾಬ್ ಹಾಳಾದರ ಯಾರು ನೋಡ್ತಾರ? ಇತ್ತಿತ್ತಲಾಗ ನೀ ಅವರ ಪರನ ಮಾತಾಡ್ತಿ."

ಆಯಿಯ ವಿಷಯ ಹೇಳುವ ಹಾಗಿರಲಿಲ್ಲ. ಹಾಗಾಗಿ ನನ್ನದನ್ನು ಹೇಳಿದೆ. ಯಾಕೆ ಡಾಕ್ಟರ ಹತ್ತಿರ ಹೋಗಿದ್ದೆ, ಎಷ್ಟು ವರ್ಷದಿಂದ ಹೀಗೆ, ಎಲ್ಲೆಲ್ಲಿಗೆ ಹೋಗದೆ ಉಳಿದೆ. ಹೇಳುತ್ತ ಹೇಳುತ್ತ ನನ್ನ ತಟ್ಟೆಯ ಅನ್ನ ಆರಿಹೋಯಿತು. ಅವರೂ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು.

"ಹಂಗಾರ ನಮ್ಮ ತಂಗಿ ಮನಿ ಮುಂಜಿವಿಗೆ ನೀ ಬರದಿದ್ದದ್ದು ಇದಕ್ಕೇನು?" ಎಂದರು ಕೊನೆಗೆ.

"ಹೂಂ."

"ನಾ ನಿನಗ ನಮ್ಮ ಮಂದಿ ಕಂಡರ ಆಗೂದಿಲ್ಲ ಅಂತ ತಿಳಕೊಂಡಿದ್ದೆ. ಇಷ್ಟು ವರ್ಷ ಹಂಗ ತಿಳಕೊಂಡು ಕೂತಿದ್ದೆ." ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಮತ್ತೆ ಅಲ್ಲೇ ಕೂತರು. "ಹೇಳಬಾರದೇನ ನನಗ?"

"ಹ್ಯಾಂಗ ಹೇಳಬೇಕು ತಿಳೀಲಿಲ್ರಿ."

ಅವರು ಒಪ್ಪಿಕೊಂಡಂತೆ ತಲೆಯಾಡಿಸಿದರು. ಮುಂದೆ ನೋಟಿಸಿನ ಮಾತು ಎತ್ತಲಿಲ್ಲ. ಮೇಲಿನವರು ಯಾಕೆ ಅಷ್ಟು ನೀರು ಸುರಿಯುತ್ತಾರೆ ಎಂದೂ ಕೇಳಲಿಲ್ಲ. ಊಹಿಸಿಕೊಂಡಿರಬೇಕು. ಆ ವಾರ ಪೇಟೆಯಿಂದ ಬರುವಾಗ ಔಷಧದ ಅಂಗಡಿಯವರು ಕಾಗದ ಸುತ್ತಿಕೊಟ್ಟ ಒಂದು ಪ್ಯಾಡಿನ ಕಟ್ಟು ತಂದು, ಏನೂ ಹೇಳದೆ ನನ್ನ ಕಪಾಟಿನಲ್ಲಿ ಇಟ್ಟಿದ್ದರು.

ಮೇಲಿನ ಮನೆಯಲ್ಲಿ ಮಾತು ಹೊರಗೆ ಬಂದದ್ದು ಆಯಿಯಿಂದಲೇ. ಗುಳಿಗೆಯಿಂದ ಸೋಂಕು ಹೋಗಿ ಸ್ವಲ್ಪ ಹಗುರವಾದ ಮೇಲೆ ಅವರಿಗೆ ಧೈರ್ಯ ಬಂದಿತ್ತು. ನನ್ನನ್ನು ಜತೆಗೆ ಇರಿ ಎಂದು ಕರೆದರು. ಅಂಗಡಿಗೆ ರಜೆಯಿದ್ದ ದಿನ, ಮಗ ಹೊರಗೆ ಹೋಗಿದ್ದಾಗ, ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದ ಸೊಸೆಯ ಎದುರು ಕೂತು ಎಲ್ಲ ಹೇಳಿದರು.

ಸೊಸೆ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಕೇಳುತ್ತಿದ್ದಳು. ಅವಳು ಸಿಟ್ಟು ಮಾಡುತ್ತಾಳೆ ಎಂದು ನನಗೆ ಅನುಮಾನವಿತ್ತು. ಅವಳ ಕಣ್ಣು ತುಂಬಿಕೊಂಡವು.

"ನಾ ಏನ್ ತಿಳಕೊಂಡಿದ್ದೆ ಗೊತ್ತೈತೇನ್ರಿ ಅತ್ತಿ? ನಾ ಮಷಿನ್‌ನಾಗ ಹಾಕಿ ತಗದದ್ದು ನಿಮಗ ಮಡಿ ಅನಸೂದಿಲ್ಲ, ಅದಕ್ಕ ನನ್ನ ಹಿಂದ ಎಲ್ಲಾ ಮತ್ತ ತೊಳೀತೀರಿ ಅಂತ ತಿಳಕೊಂಡಿದ್ದೆ. ಬಾಲ್ಕನ್ಯಾಗ ಹಸಿ ಗೆರಿ ಕಂಡಾಗೆಲ್ಲ ಹೊಟ್ಟ್ಯಾಗ ಬೆಂಕಿ ಬೀಳತಿತ್ತು. ನನ್ನ ಕೈ ಅಷ್ಟು ಹೊಲಸೇನು ಅಂತ ಇವರ ಮುಂದ ಅತ್ತೇನಿ."

"ಅಯ್ಯ ನನ್ನವ್ವ," ಎಂದರು ಆಯಿ. "ನಿನ್ನ ಕೈ ಹೊಲಸಂತ ಯಾವಾಗ ಅಂದೆ? ನನ್ನ ಹೊಲಸು ನಿನ್ನ ಕೈಗೆ ಹತ್ತಬಾರದಂತ ತೊಳದೆ."

ಸೊಸೆ ಮುಖವನ್ನು ತೋಳಿನಿಂದ ಒರೆಸಿಕೊಂಡು ಮತ್ತೆ ಹಿಟ್ಟಿಗೆ ಕೈ ಹಾಕಿದಳು. ನಾದುತ್ತಲೇ, ತಲೆ ಎತ್ತದೆ, "ನನ್ನ ಬಾಣಂತನದಾಗ ನನ್ನ ಬಟ್ಟಿ ಎಲ್ಲಾ ಯಾರು ತೊಳದಿದ್ದರು?" ಎಂದು ಕೇಳಿದಳು. ಆಯಿ ಹಿಟ್ಟಿನ ಡಬ್ಬಿಯನ್ನು ಅವಳ ಹತ್ತಿರ ಸರಿಸಿದರು. ನಾನು ಮೆಲ್ಲಗೆ ಎದ್ದು ಕೆಳಗೆ ಬಂದೆ.

ಏಪ್ರಿಲಿನಲ್ಲಿ ಮಗಳ ಪರೀಕ್ಷೆ ಮುಗಿದ ಮೇಲೆ ಟೈಲ್ಸ್ ಒಡೆಸಿ ಹೊಸದು ಹಾಕಿಸಿದರು. ಅದು ಒಣಗುವ ತನಕ ಆಯಿ ನಮ್ಮ ಬಚ್ಚಲಿಗೇ ಬರುತ್ತಿದ್ದರು. ಹಾಗೆ ಬಂದಾಗ ಇಬ್ಬರೂ ಚಾಪೆ ಹಾಸಿ ಡಾಕ್ಟರ್ ಹೇಳಿದ ವ್ಯಾಯಾಮ ಮಾಡುವುದು ರೂಢಿಯಾಯಿತು. ಆಯಿಗೆ ಮಲಗಿ ಮಾಡುವುದು ಕಷ್ಟ, ಕುರ್ಚಿಯಲ್ಲಿ ಕೂತೇ ಬಿಗಿ ಹಿಡಿಯುತ್ತಾರೆ. ಹಿಡಿದಾಗ ಮುಖವನ್ನೂ ಬಿಗಿ ಹಿಡಿಯುತ್ತಾರೆ. ಅದನ್ನು ನೋಡಿದರೆ ನನ್ನ ವ್ಯಾಯಾಮ ಕೆಡುತ್ತದೆ, ಹಾಗಾಗಿ ಬೆನ್ನು ತಿರುಗಿಸಿ ಮಲಗುತ್ತೇನೆ.

ಪೂರ್ತಿ ಗುಣವಾಯಿತು ಎಂದು ಹೇಳಲಾರೆ. ನನಗೆ ಸೀನು ಬಂದರೆ ಈಗಲೂ ಒಮ್ಮೊಮ್ಮೆ ಹೆದರಿಕೆಯೇ, ಆದರೆ ಮೊದಲಿನ ಹಾಗೆ ದಿನವೂ ಇಲ್ಲ. ಶಾಲೆಯಲ್ಲಿ ನೀರು ಕುಡಿಯುತ್ತೇನೆ. ಆಯಿಗೆ ನಿದ್ದೆಯಲ್ಲಿ ಆಗುವುದು ಅಪರೂಪವಾಗಿದೆ. ಆದ ದಿನ ಸೊಸೆಯನ್ನು ಕರೆದು ಹೇಳುತ್ತಾರೆ, ಮಷಿನಿಗೆ ಹಾಕಿ ಅವಳು ಅಂಗಡಿಗೆ ಹೋಗುತ್ತಾಳೆ.

ಮಳೆ ಶುರುವಾಗುವ ಮೊದಲು ಆಯಿ ತಮ್ಮನನ್ನು ನೋಡಲು ಬೆಳಗಾವಿಗೆ ಹೋದರು. ಮಗ ಕಾರು ಓಡಿಸಿದ, ಸೊಸೆಯೂ ಹೋಗಿದ್ದಳು. ಚೋರ್ಲಾ ಘಾಟು ಹತ್ತಿ ಇಳಿಯುವುದರೊಳಗೆ ಮೂರು ಕಡೆ ನಿಲ್ಲಿಸಿದರಂತೆ. ಒಂದು ಹೋಟೆಲಿನವನು ಚಹಾ ತೆಗೆದುಕೊಳ್ಳದೆ ಬಚ್ಚಲು ಕೇಳಿದರೆ ಮುಖ ಸಿಂಡರಿಸಿದನಂತೆ. "ಮೊದಲ ಬಚ್ಚಲ ತೋರಸಪಾ, ಆಮ್ಯಾಲ ಚಹಾ," ಎಂದರಂತೆ ಆಯಿ, ಎಲ್ಲರಿಗೂ ಕೇಳುವ ಹಾಗೆ. ತಮ್ಮನಿಗೆ ಕಾರಣ ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ. ಮದುವೆಯ ಬುಂದಿ ಲಾಡು ಇಷ್ಟು ದಿನ ಇರುವುದಿಲ್ಲವೆಂದು ಅವನು ಹೊಸದಾಗಿ ಕುಂದಾ ಕಟ್ಟಿಸಿ ಕೊಟ್ಟಿದ್ದ. ಅರ್ಧ ನಮ್ಮ ಮನೆಗೆ ಬಂತು.

ಹೋದ ವಾರ ನಾವು ಚಾಪೆ ಹಾಸುತ್ತಿದ್ದಾಗ ಕೆಳಗಿನ ಮನೆಯ ಗೋವೆಯ ಹೆಂಗಸೊಬ್ಬರು ಕರಿಬೇವು ಕೇಳಲು ಬಂದರು. ಕರಿಬೇವು ಕೈಗೆ ಕೊಟ್ಟ ಮೇಲೂ ಹೋಗದೆ ಬಾಗಿಲಲ್ಲಿ ನಿಂತರು. ಕುರ್ಚಿಯ ಮೇಲೆ ಬಿಗಿದುಕೊಂಡು ಕೂತ ಆಯಿಯನ್ನು ನೋಡಿದರು, ನನ್ನನ್ನು ನೋಡಿದರು. ಇದು ಯಾತಕ್ಕೆ ಮಾಡುವ ಯೋಗ ಎಂದು ಕೊಂಕಣಿಯಲ್ಲಿ ಕೇಳಿದರು. ನಾನು ಹೇಗೆ ಹೇಳಲಿ ಎಂದು ಪದ ಹುಡುಕುತ್ತಿದ್ದೆ.

ಆಯಿ ಬಿಗಿ ಹಿಡಿದದ್ದನ್ನು ಬಿಟ್ಟು, ಉಸಿರು ಎಳೆದುಕೊಂಡು, ತಮ್ಮ ಅರ್ಧಂಬರ್ಧ ಕೊಂಕಣಿಯಲ್ಲಿ ಎಲ್ಲವನ್ನೂ ಹೇಳಿದರು. ಆ ಹೆಂಗಸಿನ ಮುಖ ಕೆಂಪಾಯಿತು. ಒಳಗೆ ಬಂದು, ಬಾಗಿಲು ಮುಚ್ಚಿ, ಕರಿಬೇವನ್ನು ನಮ್ಮ ಟೀಪಾಯಿಯ ಮೇಲೆ ಇಟ್ಟು, ಆಯಿಯ ಪಕ್ಕದ ಕುರ್ಚಿಯಲ್ಲಿ ಕೂತರು.